ದಕ್ಷಿಣದ ಚೌಕ

ಕಡಲ ಶೋಧ ಕಚೇರಿ, ಹಿಂದಿನ ಕೋಣೆ
ಗುರುವಾರ, ಬೆಳಿಗ್ಗೆ ಒಂಬತ್ತೂವರೆ

ನನ್ನ ಉಪ್ಪುಮೂಟೆ ತಮ್ಮನಿಗೆ,

ಹೇಗಿದ್ದೀಯೋ? ಪ್ರತಿ ವಾರ ಇದೇ ಪ್ರಶ್ನೆಯಿಂದ ಶುರುಮಾಡಿ, ಉತ್ತರಕ್ಕೆ ಕಾಯದೆ ನನ್ನ ಪುರಾಣ ಬಿಚ್ಚುತ್ತಿದ್ದೆ. ಇವತ್ತು ಉತ್ತರ ಬೇಕು. ಕುಡಿಯಲು ನೀರಿದೆಯಾ? ಆ ಹಳದಿ ಜಾಕೀಟು ಮೈಮೇಲಿದೆಯಾ, ಇಲ್ಲ ಎಂದಿನಂತೆ ಸೆಕೆ ಅಂತ ಬಿಚ್ಚಿ ಇಂಜಿನ್ನಿನ ಮೇಲೆ ಎಸೆದಿದ್ದೀಯಾ? ಎಡಗೈ ಮಣಿಕಟ್ಟಿನ ನೋವು ಹೇಗಿದೆ? ಆ ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡಿದ್ದರೆ ಆಗಾಗ ಕೈ ಬದಲಿಸು. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಾವು ಚೆನ್ನಾಗಿಲ್ಲ. ಅಮ್ಮ ನಾಲ್ಕು ದಿನದಿಂದ ಹೊರಬಾಗಿಲಿಗೆ ಚಿಲಕ ಹಾಕಲು ಬಿಟ್ಟಿಲ್ಲ. ನನಗೆ ಕೈಕಾಲು ಆಡುತ್ತಿಲ್ಲ, ಸುಮ್ಮನೆ ಕೂರಲೂ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನೂ ಬಂದರಿನ ಕಚೇರಿಯಲ್ಲಿ ನಿನ್ನ ಹೆಸರಿನ ಗೂಡಿಗೇ ಹಾಕುತ್ತೇನೆ, ನೀನು ದಡಕ್ಕೆ ಬಂದಾಗಲೆಲ್ಲ ಮೊದಲು ಕೈಹಾಕುವ ಗೂಡಿಗೆ. ಕಳೆದ ವಾರದ ಕಾಗದ ಇನ್ನೂ ಅಲ್ಲೇ ಇದೆ, ನೋಡಿಕೊಂಡು ಬಂದೆ.

ಭಾನುವಾರದಿಂದ ಹೇಳುತ್ತೇನೆ. ಕಡಲಲ್ಲಿ ನಿಂತು ಗಾಳಿ ಅಳೆಯುವ ಏಳನೇ ನಂಬರಿನ ತೇಲುಬುರುಡೆ ಹತ್ತು ದಿನದಿಂದ ಸುದ್ದಿ ಕಳಿಸುವುದನ್ನೇ ನಿಲ್ಲಿಸಿತ್ತು. ಅದರ ಬ್ಯಾಟರಿ ಬದಲಿಸಬೇಕೆಂದು ಚೀಟಿ ಬರೆದವಳು ನಾನೇ, ಒಬ್ಬನೇ ಹೋಗಬೇಡ ಎಂದು ಬೈದವಳೂ ನಾನೇ. ಅರ್ಧ ದಿನದ ಕೆಲಸಕ್ಕೆ ಇನ್ನೊಬ್ಬ ಯಾಕೆ ಎಂದು ನೀನು ನಕ್ಕು ಹೊರಟೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಮೇಜಿನ ಪರದೆಯ ಮೇಲೆ ಏಳನೇ ನಂಬರು ಇದ್ದಕ್ಕಿದ್ದಂತೆ ಮಾತಾಡತೊಡಗಿತು: ಗಾಳಿ ನೈಋತ್ಯದಿಂದ, ಗಂಟೆಗೆ ಇಪ್ಪತ್ತು ಮೈಲಿ. ಭಲೇ ಎಂದು ಮೇಜು ಕುಟ್ಟಿದೆ. ಹನ್ನೆರಡೂವರೆಗೆ ನಿನ್ನ ದೋಣಿಯಿಂದ ಅಪಾಯದ ಸಂಕೇತ ಒಂದೇ ಒಂದು ಸಲ ಬಂತು, ನಿಂತುಹೋಯಿತು. ಅಲ್ಲಿಂದೀಚೆಗೆ ಬುರುಡೆ ಹತ್ತು ನಿಮಿಷಕ್ಕೊಮ್ಮೆ ಮಾತಾಡುತ್ತಿದೆ, ನೀನು ಮಾತಾಡುತ್ತಿಲ್ಲ. ನೀನು ಸರಿಮಾಡಿಟ್ಟ ಯಂತ್ರ ಕಳಿಸುವ ಗಾಳಿಯನ್ನೇ ಲೆಕ್ಕಕ್ಕೆ ಹಿಡಿದು ನಿನ್ನನ್ನು ಹುಡುಕುತ್ತಿದ್ದೇನೆ ಕಣೋ.

ಸ್ವಂತದವರು ಕಾಣೆಯಾದಾಗ ಮೇಜಿಗೆ ಕೂರಬಾರದು ಎಂಬ ನಿಯಮ ನಮ್ಮಲ್ಲಿದೆ. ಆದರೆ ಕಡಲಿಗೆ ಬಿದ್ದದ್ದು ತೇಲುತ್ತಾ ಎಲ್ಲಿಗೆ ಹೋಗಿರುತ್ತದೆ ಎಂದು ಲೆಕ್ಕ ಹಾಕುವವರು ಇಡೀ ಕಚೇರಿಯಲ್ಲಿ ಇಬ್ಬರೇ, ಇನ್ನೊಬ್ಬರು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾರೆ. ಗಡಿಯಾರ ಸಾಹೇಬರು (ಮಾತಿಗೊಮ್ಮೆ ಗೋಡೆ ನೋಡುವ ನಮ್ಮ ಮುಖ್ಯಸ್ಥರಿಗೆ ನೀನೇ ಇಟ್ಟ ಹೆಸರು, ಈಗ ನನ್ನ ಬಾಯಲ್ಲೂ ಅದೇ ಬರುತ್ತದೆ) ನನ್ನನ್ನು ಪಕ್ಕಕ್ಕೆ ಕರೆದರು. "ಕೂರೋದಾದ್ರೆ ಕೂರಮ್ಮ, ಆದ್ರೆ ಅಕ್ಕ ಆಗಿ ಕೂರಬೇಡ, ಲೆಕ್ಕದವಳಾಗಿ ಕೂರು" ಎಂದರು. ಹಾಗೇ ಕೂತೆ. ಕಣ್ಣೀರು ಒರೆಸಿಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಬಹಳ ಚೆನ್ನಾಗಿ ಕೂತೆ. ಅಲ್ಲೇ ನಾನು ಎಡವಿದ್ದು.

ಸೋಮವಾರ ಬೆಳಿಗ್ಗೆ ಬಟ್ಟೆ ಬದಲಿಸಲು ಮನೆಗೆ ಹೋದಾಗ ಅಮ್ಮ ಅಡ್ಡ ನಿಂತಳು. "ಅವನು ಎತ್ತ ಹೋಗ್ತಿದ್ದಾನೆ, ಅಷ್ಟು ಹೇಳು" ಎಂದಳು. ಅಳಲಿಲ್ಲ. ಅಗಲದ ತಟ್ಟೆಗೆ ನೀರು ಸುರಿದು, ಚಿಟಿಕೆ ಚಹಾಪುಡಿ ಉದುರಿಸಿ, ಬಾಯಿಂದ ಊದಿ ತೋರಿಸಿದೆ. ಗಾಳಿ ನೀರಿನ ಮೈಯನ್ನು ಉಜ್ಜಿಕೊಂಡು ಹೋಗುತ್ತದಮ್ಮ, ಮೇಲಿನ ಪದರ ಹೊರಡುತ್ತದೆ, ಅದು ಕೆಳಗಿನ ಪದರವನ್ನು ಎಳೆಯುತ್ತದೆ, ಅದು ತನ್ನ ಕೆಳಗಿನದನ್ನು. ಆದರೆ ಭೂಮಿ ತಿರುಗುತ್ತಿರುವುದರಿಂದ ಯಾವ ಪದರವೂ ಗಾಳಿಯ ದಾರಿ ಹಿಡಿಯುವುದಿಲ್ಲ. ನಮ್ಮ ಕಡೆಯ ಕಡಲಲ್ಲಿ ಬಲಕ್ಕೆ ವಾಲುತ್ತದೆ, ಕೆಳಗಿಳಿದಂತೆ ಇನ್ನಷ್ಟು ಬಲಕ್ಕೆ, ಇನ್ನಷ್ಟು ನಿಧಾನಕ್ಕೆ. ಎಲ್ಲ ಪದರ ಕೂಡಿಸಿ ನೋಡಿದರೆ ನೀರು ಗಾಳಿಗೆ ಅಡ್ಡಡ್ಡ ಹೋಗಿರುತ್ತದೆ. ಅಮ್ಮ ತಟ್ಟೆಯನ್ನೇ ನೋಡುತ್ತಾ, "ನಾನೂ ಇದೇ ಭೂಮಿ ಮೇಲೆ ನಡೀತೀನಲ್ಲೇ, ನೆಟ್ಟಗೆ ಅಂಗಡಿಗೆ ಹೋಗಿ ನೆಟ್ಟಗೆ ವಾಪಸ್ ಬರ್ತೀನಿ" ಎಂದಳು. ನಿನಗೆ ಕಾಲಡಿ ನೆಲ ಇದೆಯಮ್ಮ, ನೀರಿಗೆ ಹಿಡಿದುಕೊಳ್ಳೋಕೆ ಏನೂ ಇಲ್ಲ ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಇದರ ಜೊತೆಗೆ ಆ ದೊಡ್ಡ ಹರಿವು ಬೇರೆ ಇದೆ. ಸಾವಿರಾರು ಮೈಲಿ ಆಚೆ ತಿಂಗಳುಗಟ್ಟಲೆ ಒಂದೇ ಸಮ ಬೀಸುವ ಗಾಳಿಗಳು ನೀರನ್ನು ಕಡಲ ನಡುವೆ ಒಟ್ಟುತ್ತವೆ. ಅಲ್ಲಿ ನೀರು ಒಂದೆರಡು ಮೊಳ ಎತ್ತರಕ್ಕೆ ಏರಿ ನಿಂತಿರುತ್ತದೆ. ಇಳಿಯಲು ಹೊರಟ ನೀರನ್ನು ಭೂಮಿಯ ತಿರುಗಾಟ ಮತ್ತೆ ಪಕ್ಕಕ್ಕೆ ತಳ್ಳುತ್ತದೆ, ಪಾಪ, ಅದು ಇಳಿಯಲಾರದೆ ಸುತ್ತು ಹಾಕುತ್ತಲೇ ಇರುತ್ತದೆ. ಆ ಸುತ್ತಿನ ನಮ್ಮ ಕಡೆಯ ಅಂಚು ದಕ್ಷಿಣಕ್ಕೆ ಹರಿಯುತ್ತದೆ. ಇನ್ನೂ ಆಳದಲ್ಲಿ, ತಣ್ಣಗಾಗಿ ಉಪ್ಪು ಹೆಚ್ಚಿ ಭಾರವಾದ ನೀರು ತಳಕ್ಕಿಳಿದು ನೂರಾರು ವರ್ಷ ತೆವಳುತ್ತದೆ. ಅದರ ಗೊಡವೆ ನನಗೆ ಬೇಡ, ನೀನು ಮೇಲೆಯೇ ಇರಬೇಕು. ಬೇಕಾದದ್ದು ಇಷ್ಟು: ನೀರಿನ ಮೇಲೆ ಎದ್ದು ಕೂತ ವಸ್ತುವನ್ನು ಈಹೊತ್ತಿನ ಗಾಳಿ ಒಯ್ಯುತ್ತದೆ, ಮುಕ್ಕಾಲು ಮುಳುಗಿ ತೇಲುವುದನ್ನು ನೀರು ಒಯ್ಯುತ್ತದೆ. ನೀನು ರಬ್ಬರ್ ತೆಪ್ಪ ಹತ್ತಿದ್ದರೆ ಪೂರ್ವಕ್ಕೆ, ಸ್ವಲ್ಪ ಈಶಾನ್ಯಕ್ಕೆ ವಾಲಿ ಹೋಗಿರುತ್ತೀಯ. ಬೋರಲಾದ ದೋಣಿಯನ್ನು ಹಿಡಿದುಕೊಂಡಿದ್ದರೆ ದಕ್ಷಿಣಕ್ಕೆ. ನಾಲ್ಕು ದಿನದಲ್ಲಿ ಎರಡರ ನಡುವೆ ತೊಂಬತ್ತು ಮೈಲಿ. ನಮಗಿರುವುದು ಒಂದೇ ವಿಮಾನ, ಅದು ದಿನಕ್ಕೆ ಒಂದು ಚೌಕ ಮಾತ್ರ ಹುಡುಕಬಲ್ಲದು.

ನಮ್ಮ ಮೇಜಿನ ಮೇಲೊಂದು ಕೋಷ್ಟಕವಿದೆ. ದೋಣಿ ಮಗುಚಿದರೆ ಹತ್ತರಲ್ಲಿ ಎಂಟು ಜನ ತೆಪ್ಪ ಹತ್ತುತ್ತಾರೆ ಎನ್ನುತ್ತದೆ. ಲೆಕ್ಕದವಳು ಕೋಷ್ಟಕ ನೋಡಿದಳು, ಪೂರ್ವದಲ್ಲಿ ಚೌಕ ಬರೆದಳು, ವಿಮಾನ ಕಳಿಸಿದಳು. ಸೋಮವಾರ, ಮಂಗಳವಾರ ಮೋಡ ಇಳಿದು ಪೈಲಟ್‌ಗೆ ಬಿಳಿ ನೊರೆ ಬಿಟ್ಟು ಬೇರೇನೂ ಕಾಣಲಿಲ್ಲ. ಬುಧವಾರ ಬಿಸಿಲಿತ್ತು, ನೀರಿನ ಹೊಳಪು ಕಣ್ಣು ಕುಕ್ಕಿ ಆಗಲೂ ಏನೂ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೆ ಸರಕು ಹಡಗೊಂದರಿಂದ ಕರೆ ಬಂತು, ಕಿತ್ತಳೆ ಬಣ್ಣದ ತೆಪ್ಪ ಸಿಕ್ಕಿದೆ ಎಂದು. ನಾನಿಟ್ಟ ಚುಕ್ಕಿಯಿಂದ ಮೂರೇ ಮೈಲಿ. ಹನ್ನೊಂದು ವರ್ಷದ ಕೆಲಸದಲ್ಲಿ ಇಷ್ಟು ಸರಿಯಾದ ಲೆಕ್ಕ ನಾನು ಹಾಕಿರಲಿಲ್ಲ. ಒಳಗೆ ಯಾರೂ ಇರಲಿಲ್ಲ.

ಕಚೇರಿಯಲ್ಲಿ ಎಲ್ಲರೂ ತಲೆ ತಗ್ಗಿಸಿಕೊಂಡರು. ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನಾನು ಮೈಕು ಕಿತ್ತುಕೊಂಡು ಹಡಗಿನವರನ್ನು ಕೇಳಿದೆ: ಅದನ್ನು ದೋಣಿಗೆ ಕಟ್ಟಿದ್ದ ಹಗ್ಗದ ತುದಿ ಹೇಗಿದೆ? ಎಳೆಎಳೆಯಾಗಿ ಕಿತ್ತುಬಂದಿದೆ ಎಂದರು. ಚಾಕು? ಒರೆಯಲ್ಲೇ ಇದೆ. ನೀರಿನ ಪೊಟ್ಟಣ? ಒಂದೂ ಒಡೆದಿಲ್ಲ. ದೋಣಿ ಮುಳುಗತೊಡಗಿದರೆ ತೆಪ್ಪ ತಾನಾಗಿಯೇ ಬಿಚ್ಚಿಕೊಂಡು ಉಬ್ಬುತ್ತದೆ, ಹತ್ತಿದವನು ಮೊದಲು ಆ ಹಗ್ಗ ಕತ್ತರಿಸುತ್ತಾನೆ. ಹಾಗಾದರೆ ನೀನು ಅದನ್ನು ಹತ್ತೇ ಇಲ್ಲ. "ಹತ್ತೋಕೆ ಆಗಲಿಲ್ಲ ಅಂತ ಅರ್ಥ ಕಣಮ್ಮ" ಎಂದರು ಸಾಹೇಬರು, ಮೆತ್ತಗೆ. ಅದು ಅವರ ಅರ್ಥ. ನನಗೆ ಹೊಳೆದದ್ದು ಬೇರೆ.

ನಿನಗೆ ಹದಿನಾರು ವರ್ಷ ಆಗ. ಬಂದರಿನ ಬಾಯಲ್ಲಿ ಸಣ್ಣ ದೋಣಿ ಮಗುಚಿತು. ನಿನ್ನ ಗೆಳೆಯ ದೋಣಿಯ ಬೆನ್ನು ಹಿಡಿದುಕೊಂಡು ಅರ್ಧ ಗಂಟೆಯಲ್ಲಿ ಮನೆ ಸೇರಿದ. ನೀನು ದಡ ಇಲ್ಲೇ ಇದೆಯಲ್ಲ ಎಂದು ಈಜಲು ಹೊರಟೆ, ಇಳಿತದ ನೀರು ಆಚೆಗೆ ಎಳೆದುಕೊಂಡು ಹೋಯಿತು, ಮೂರು ಗಂಟೆ ಆದ ಮೇಲೆ ಸಿಕ್ಕಿದೆ, ತುಟಿ ನೀಲಿಗಟ್ಟಿತ್ತು. ಎಲ್ಲರೆದುರು ನಿನ್ನ ಕಪಾಳಕ್ಕೆ ಹೊಡೆದೆ. ಚಿಕ್ಕಂದಿನಿಂದ ಬೆನ್ನ ಮೇಲೆ ಹೊತ್ತು ತಿರುಗಿದ ತಮ್ಮನನ್ನು ಅದೊಂದೇ ಸಲ ಹೊಡೆದದ್ದು. ಏನೇ ಆದರೂ ದೋಣಿ ಬಿಡಲ್ಲ ಎಂದು ನನ್ನಾಣೆ ಹಾಕಿಸಿದೆ. ಆಮೇಲೆ ಬೇಕಾದಷ್ಟು ಸಲ ನನ್ನನ್ನು ಆಡಿಕೊಂಡಿದ್ದೀಯ, ಆದರೆ ಆ ಮಾತನ್ನು ಯಾವತ್ತೂ ತಮಾಷೆ ಮಾಡಿಲ್ಲ. ತೆಪ್ಪ ನಿನ್ನ ಪಕ್ಕದಲ್ಲೇ ಉಬ್ಬಿಕೊಂಡು ನಿಂತಿರಬೇಕು, ಹಗ್ಗ ಕಿತ್ತುಕೊಂಡು ಹೋಗುವ ತನಕವೂ ನಿಂತಿರಬೇಕು. ನೀನು ದೋಣಿ ಬಿಡಲಿಲ್ಲ. ನಾನು ಮೂರು ದಿನ ಕೋಷ್ಟಕದೊಳಗಿನ ಯಾವನನ್ನೋ ಪೂರ್ವದಲ್ಲಿ ಹುಡುಕಿಸಿದೆ, ನನ್ನ ಮಾತು ಉಳಿಸಿಕೊಂಡು ನೀನು ದಕ್ಷಿಣಕ್ಕೆ ಹೋಗುತ್ತಿದ್ದೀಯ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅಮ್ಮನ ಹತ್ತಿರವಂತೂ ಸಾಧ್ಯವಿಲ್ಲ.

ಸಾಹೇಬರಿಗೆ ಹೇಳಿದೆ. ಇವತ್ತು ಸಂಜೆಗೆ ಶೋಧ ನಿಲ್ಲಿಸಬೇಕೆಂದು ಮೇಲಿನಿಂದ ಆಜ್ಞೆ ಬಂದಿದೆ, ವಿಮಾನ ಇನ್ನೊಂದೇ ಸಲ ಹಾರಬಹುದು, ಅದೂ ಮೇಲಿನವರು ಒಪ್ಪಿದರೆ. ದಕ್ಷಿಣಕ್ಕೆ ಕಳಿಸಿ ಎಂದು ಅಂಗಲಾಚಿದೆ. "ಆಧಾರ ಏನಮ್ಮ?" ಎಂದರು. ಒಂದು ಕಪಾಳದೇಟು ಸಾರ್ ಎಂದೆ. ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆ ನೋಡಿದರು. "ಇಪ್ಪತ್ತು ವರ್ಷದ ಹಿಂದಿನ ಏಟನ್ನ ಮೇಲಿನವರಿಗೆ ಹೇಗೆ ಬರೀಲಿ? ದೋಣಿ ಇಷ್ಟು ದಿನ ತೇಲುತ್ತೆ ಅನ್ನೋಕೆ ಏನಾದ್ರೂ ಕೊಡು." ಆಗ ನೆನಪಾಯಿತು. ಹೋದ ತಿಂಗಳು ಹಳೆಯ ಬುರುಡೆಗಳ ಒಳಗಿನ ಥರ್ಮಾಕೋಲ್ ಗಟ್ಟಿಗಳನ್ನು ದೋಣಿಯ ಮುಂಭಾಗದಲ್ಲಿ ನೀನು ತುರುಕುತ್ತಿದ್ದಾಗ, ದೋಣಿಯೋ ಗುಜರಿ ಅಂಗಡಿಯೋ ಎಂದು ಹಂಗಿಸಿದ್ದೆ. "ಇರಲಿ ಬಿಡಕ್ಕಾ, ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ" ಎಂದಿದ್ದೆ ನೀನು. ಅದನ್ನು ಸಾಹೇಬರಿಗೆ ಹೇಳಿದೆ. ಸಾಹೇಬರು ಪೆನ್ನು ತೆಗೆದರು, ಥರ್ಮಾಕೋಲ್ ಅಂತಲೇ ಬರೀತೀನಿ ಎಂದು ಬರೆದು, ನನ್ನನ್ನು ಈ ಕೋಣೆಗೆ ಕಳಿಸಿ ಫೋನಿಗೆ ಕೂತಿದ್ದಾರೆ. ಗೋಡೆಯ ಆಚೆಯಿಂದ ಅವರ ದನಿ ಕೇಳಿಸುತ್ತಿದೆ, ಮಾತು ಕೇಳಿಸುತ್ತಿಲ್ಲ. ಅಷ್ಟರಲ್ಲಿ ನಾನು ದಕ್ಷಿಣದ ಚೌಕವನ್ನು ಮೂರು ಸಲ ಬರೆದು ಅಳಿಸಿದ್ದೇನೆ. ಈ ಸಲ ಅಕ್ಕನಾಗಿಯೇ ಬರೆದೆ: ಇಂಥಾ ಮೊಂಡ ಎಷ್ಟು ಹೊತ್ತು ಹಿಡಿದುಕೊಂಡಿರುತ್ತಾನೆ ಎಂದು ಯಾವ ಕೋಷ್ಟಕದಲ್ಲಿದೆ ಹೇಳು?

ಬಾಗಿಲು ತೆರೆಯಿತು. ಹತ್ತೂಕಾಲು. ಹಾರುತ್ತದೆ ಎಂದರು ಸಾಹೇಬರು, ಚೌಕ ಕೊಡು ಎಂದು ಕೈಚಾಚಿದರು. ನಕ್ಷೆಯನ್ನು ಮಡಚದೆಯೇ ಅವರ ಕೈಗಿಟ್ಟೆ.

ಇಲ್ಲಿಗೆ ಮುಗಿಸುತ್ತೇನೆ, ರೇಡಿಯೊ ಮುಂದೆ ಕೂರಬೇಕು. ಅಮ್ಮ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ, ಬೇಗ ಬಾ ಎಂದು ಹೇಳಲು ಹೇಳಿದ್ದಾಳೆ. ನನ್ನ ಆಯುಸ್ಸಿನಲ್ಲಿ ಎಷ್ಟು ಬೇಕೋ ಅಷ್ಟು ತೆಗೆದುಕೋ, ಕೇಳುವವರಿಲ್ಲ. ಚಳಿಗೆ ಮೈಯನ್ನು ಮುದುರಿಕೊಂಡಿರು, ಕಡಲ ನೀರು ಕುಡಿಯಬೇಡ, ನಿದ್ದೆ ಮಾಡಬೇಡ.

ಇಂತಿ,
ನಿನ್ನ ತಲೆ ತಿನ್ನುವ ಅಕ್ಕ

ವಿ.ಸೂ.: ಮಧ್ಯಾಹ್ನ ಮೂರೂ ನಲವತ್ತು. ಸಿಕ್ಕಿದ್ದೀಯ! ಬೋರಲು ದೋಣಿ, ಮೇಲೆ ಒಬ್ಬ ಮನುಷ್ಯ, ಕೈ ಎತ್ತಿದ ಎಂದು ಪೈಲಟ್ ಹೇಳಿದಾಗ ನಾನು ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಆದರೆ ಹತ್ತಿರದ ಹಡಗು ಬರಲು ಐದು ಗಂಟೆ ಬೇಕು, ದೋಣಿಯ ಬೆನ್ನು ಗೇಣಗಲ ಮಾತ್ರ ನೀರಿನ ಮೇಲಿದೆ, ನೋಡುತ್ತಿದ್ದಂತೆ ಇಳಿಯುತ್ತಿದೆ ಎನ್ನುತ್ತಿದ್ದಾನೆ. ತೆಪ್ಪ ಬೀಳಿಸಿದ. ನಿನ್ನಿಂದ ಹತ್ತು ಮಾರು ದೂರದಲ್ಲಿ ಹಾದುಹೋಯಿತಂತೆ, ನೀನು ನೋಡುತ್ತಾ ಕೂತೆಯಂತೆ. ಗಾಳಿ ಅದನ್ನು ಒಯ್ದುಬಿಟ್ಟಿತು. ನೀನು ಅದರತ್ತ ಯಾಕೆ ಹಾರಲಿಲ್ಲ ಎಂದು ಇಲ್ಲಿ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ನನಗೆ ಗೊತ್ತು ಯಾಕೆ ಅಂತ. ಪೈಲಟ್ ಹತ್ತಿರ ಇನ್ನು ಒಂದೇ ತೆಪ್ಪ ಉಳಿದಿದೆ. ಅದನ್ನು ಬೀಳಿಸುವ ಮೊದಲು ಉದ್ದ ಬಟ್ಟೆಪಟ್ಟಿ ಕಟ್ಟಿದ ಚೀಟಿಯೊಂದನ್ನು ನಿನ್ನ ಮೇಲೆ ಬೀಳಿಸುವುದಾಗಿ ಹೇಳಿ, ಏನು ಬರೆಯಲಿ ಎಂದು ಕೇಳಿದ. ಹೇಳಿದೆ: ಅಕ್ಕ ಹೇಳಿದ್ದಾಳೆ, ದೋಣಿ ಬಿಡು. ಚೀಟಿ ನಿನಗೆ ಸಿಕ್ಕಿತಂತೆ. ತೆಪ್ಪವೂ ಬಿದ್ದಿದೆ, ಗಾಳಿ ಅದನ್ನು ನಿನ್ನ ಕಡೆಗೇ ತರುತ್ತಿದೆ, ಒಂದು ಕ್ಷಣ ಪಕ್ಕಕ್ಕೆ ಬರುತ್ತದೆ, ಆಮೇಲೆ ಅದು ಗಾಳಿಯ ಹಿಂದೆ ಹೋಗುತ್ತದೆ, ನೀನು ನೀರಿನ ಹಿಂದೆ. ನೀನು ಇನ್ನೂ ಚೀಟಿ ನೋಡುತ್ತಾ ಕೂತಿದ್ದೀಯಂತೆ. ಎಷ್ಟು ಹೊತ್ತು ಓದುತ್ತೀಯೋ, ಇರುವುದೇ ನಾಲ್ಕು ಪದ. ನಾನೇ ಕಣೋ ಹೇಳಿದ್ದು. ಆವತ್ತು ಹೊಡೆದದ್ದು ತಪ್ಪಾಯಿತು. ಬಿಡು. ಬಿಡೋ.