ಪಿಸ್ತೂಲಿನ ಲೈಸೆನ್ಸ್ ವಿಚಾರ

ರೀ, ಕೆ.ಆರ್. ಪುರಕ್ಕೆ ಅಕ್ಕನ ಮನೆಗೆ ಹೋಗ್ತಿದೀನಿ, ಸಂಜೆ ಬರ್ತೀನಿ. ಸಾರು ಬಿಸಿ ಮಾಡ್ಕೊಂಡು ಊಟ ಮಾಡಿ. ಬಾಗಿಲಿಗೆ ಕುರ್ಚಿ ಅಡ್ಡ ಇಡಬೇಡಿ, ನಾನು ಒಳಗೆ ಬರಬೇಕು.

ನೀವು ಅಂಗಡಿಗೆ ಹೋದ ಮೇಲೆ ಸ್ಟೇಷನ್ನಿಂದ ಒಬ್ಬರು ಬಂದಿದ್ರು, ನಿಮ್ಮ ಪಿಸ್ತೂಲಿನ ಲೈಸೆನ್ಸ್ ಅರ್ಜಿ ವಿಚಾರಣೆಗೆ. "ಯಜಮಾನ್ರ ಕೈಗೆ ಪಿಸ್ತೂಲು ಬಂದ್ರೆ ನಿಮಗೆ ಭಯ ಇಲ್ವೇನಮ್ಮಾ?" ಅಂದ್ರು. ಇದೆ ಅಂದೆ. ಅಂಗಡಿಗೆ ಕಳ್ಳರು ನುಗ್ಗಿದ ಮೇಲೆ ನಿಮಗೆ ನಿದ್ದೆ ಇಲ್ಲ, ನಾನು ನೀರು ಕುಡಿಯೋಕೆ ಎದ್ರೂ ಕಬ್ಬಿಣದ ರಾಡು ಎತ್ಕೊಳ್ತೀರಿ. ಅದನ್ನೂ ಹೇಳಿದೆ. ಲೈಸೆನ್ಸ್ ಕೊಡಬೇಡಿ ಅಂತಾನೂ ಹೇಳ್ಬಿಟ್ಟೆ.

ಕೋಪ ಬರುತ್ತೆ, ಗೊತ್ತು. ನಾನು ಬಂದ ಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಆ ಕಳ್ಳತನ ಆದಾಗಿನಿಂದ ಈ ಮನೇಲಿ ನೀವು ನನ್ನ ಜೊತೆ ಮಾತಾಡೇ ಇಲ್ಲ.

ಬೃಂದಾ