ಕಲ್ಲುತೋಟದ ನಡುಗಲ್ಲು

೧೪ ಜೂನ್, ಶನಿವಾರ

ಹೊಲದ ಕಲ್ಲುಗಳನ್ನು ಜೋಡಿಸಿ, ಸಂದಿಗಳಲ್ಲಿ ಕಳ್ಳಿ ನೆಟ್ಟ ನನ್ನ ಘನತೆವೆತ್ತ ಕಲ್ಲುತೋಟ ಇಂದು ಅಂಗಳದಲ್ಲಿ ಲೋಕಾರ್ಪಣೆಗೊಂಡಿತು. ಪ್ರಥಮ ವೀಕ್ಷಕಿ ಅಮ್ಮ. ನಟ್ಟನಡುವೆ ನಿಲ್ಲಿಸಿದ್ದ ಉದ್ದ ಕಲ್ಲನ್ನು ನೋಡಿ ಅವಳ ಮುಖ ಬಾಡಿತು.

“ಲೇ ಅಮರ, ಇದೆಲ್ಲಿ ಸಿಕ್ತೋ?”

“ಬದುವಲ್ಲಿ. ನೆತ್ತಿ ಮೇಲೆ ಎಷ್ಟ್ ಚೆನ್ನಾಗಿ ಗೀಟು ಕೊರೆದವ್ರೆ ನೋಡು.”

“ಅದು ಗಡಿಕಲ್ಲು ಕಣೋ. ನಿಮ್ಮಪ್ಪಂಗೂ ಪಕ್ಕದ ಹೊಲದ ಕೋದಂಡರಾಮಪ್ಪಂಗೂ ಜಗಳ ಈಗ್ತಾನೇ ತಣ್ಣಗಾಗಿತ್ತು. ಇದೂ ನಿನ್ ತಮಾಷೆನಾ?”

ಅಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ ಎಂದೆ. ನಗದೆ ಸುಳ್ಳು ಹೇಳಿ ಊರನ್ನೇ ಏಮಾರಿಸುವವನ ಮಾತನ್ನು ಅವಳು ನಂಬಲಿಲ್ಲ. ಅಪ್ಪ ನಾಳೆ ಮಾಲೂರಿನಿಂದ ಬರುತ್ತಾರೆ. ಅಷ್ಟರಲ್ಲಿ ವಾಪಸ್ ನೆಡೋಣವೆಂದು ಹೊಲಕ್ಕೆ ಓಡಿದರೆ, ಕಲ್ಲು ಕಿತ್ತ ಗುಂಡಿಯ ಮೇಲೆಲ್ಲ ಟ್ರ್ಯಾಕ್ಟರ್ ಹಾದುಹೋಗಿತ್ತು. ಅದು ನಿಂತಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲ.

ಸಂಜೆ ಕೋದಂಡರಾಮಪ್ಪ ಮಾವನೇ ಮನೆಗೆ ಬಂದರು. ಆ ಕಲ್ಲಿನ ಗೀಟನ್ನು ಬೆರಳಿನಿಂದ ನಿಧಾನವಾಗಿ ಸವರಿದರು.

“ಬಾಗುಂದಿ ಕಣೋ, ಚೆನ್ನಾಗೈತೆ. ಇಲ್ಲೇ ಇರ್ಲಿ, ಅಲುಗಾಡಿಸ್ಬೇಡ.”

ಆಮೇಲೆ ತಮ್ಮ ಬೇಲಿಯಿಂದ ಒಂದು ಕತ್ತಾಳೆ ಕಿತ್ತು ತಂದು, ಕಲ್ಲಿನ ಬುಡಕ್ಕೆ ತಾವೇ ನೆಟ್ಟು ಹೋದರು.

ಅವರಿಗೆ ಗುರುತು ಸಿಗಲಿಲ್ಲವೋ, ಸಿಕ್ಕಿದ್ದರಿಂದಲೇ ಹಾಗೆಂದರೋ? ಹಳೇ ಜಗಳ ಮಣ್ಣಾಗಲಿ ಎಂದೋ, ಬದು ನಮ್ಮ ಕಡೆಗೆ ಸರಿಯಲಿ ಎಂದೋ? ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಷ್ಟು ವರ್ಷ ಊರವರೆಲ್ಲ ನನ್ನ ಮುಖ ನೋಡಿ ಹೀಗೇ ಒದ್ದಾಡಿರಬೇಕು.

ಬೆಳಿಗ್ಗೆ ಅಪ್ಪನಿಗೆ ನಿಜ ಹೇಳಲೇಬೇಕು. ನಿಜ ಹೇಳುವಾಗ ಜನ ಮುಖ ಹೇಗಿಟ್ಟುಕೊಳ್ಳುತ್ತಾರೋ ಎಂದು ಕನ್ನಡಿಯ ಮುಂದೆ ನಿಂತು ನೋಡಿದೆ. ಹೇಗೆ ಇಟ್ಟುಕೊಂಡರೂ ಸುಳ್ಳು ಹೇಳುತ್ತಿರುವವನ ಹಾಗೇ ಕಾಣುತ್ತಿತ್ತು.