ಬುಧವಾರದ ರೋಲರುಗಳು

ಮೇ 4, ಶನಿವಾರ

ಮತ್ತೆ ಡ್ರೈಯರ್ ಕೆಳಗೆ. ಬಲಗಿವಿ ಸುಟ್ಟಿದೆ. ಕಿರ್ಸಿಸ್‌ಗೆ ಹೇಳಿದರೆ ನಗುತ್ತಾಳೆ, ಚೆಂದ ಬೇಕಂದ್ರೆ ಕಿವಿ ಸುಡ್ಲೇಬೇಕು ಅಂತಾಳೆ. ಏಳನೇ ವಯಸ್ಸಿನಿಂದ ಪ್ರತಿ ಶನಿವಾರ ಇದೇ ಸಲೂನು. ಮೊದಲು ಇವಳಮ್ಮ, ಈಗ ಇವಳು. ತೊಳೆ, ದಪ್ಪ ರೋಲರ್ ಸುತ್ತು, ಒಣಗಿಸು, ಸುರುಳಿ ನೆಟ್ಟಗಾಗುವ ತನಕ ಬಾಚಿ ಎಳೆ... ಆಮೇಲೆ ವಾರವಿಡೀ ಮೋಡಕ್ಕೆ ಹೆದರು, ನಾಲ್ಕು ಹನಿ ಬಿದ್ದರೆ ಮತ್ತೆ ಸುರುಳಿ.

ಮನೆಗೆ ಬಂದರೆ ಯುದೆಲ್ಕಾ ಜಗಲಿಯಲ್ಲಿ ಮಾವಿನಹಣ್ಣು ಚೀಪುತ್ತಾ ಕೂತಿದ್ದಳು. ಚಿಕ್ಕಪ್ಪನ ಮಗಳು. ಹಳ್ಳಿಯಿಂದ ಬಂದು ಎರಡು ವರ್ಷ, ನಮ್ಮಲ್ಲೇ ಇದ್ದಾಳೆ. ಕೂದಲು ಬೆನ್ನ ಮೇಲೆ ನೀರು ಹರಿದಂತೆ. ಸಲೂನು ಗಿಲೂನು ಏನಿಲ್ಲ, ಹುಟ್ಟಿದ್ದೇ ಹಾಗೆ. ಅದಕ್ಕೆ ಊರೆಲ್ಲ 'ಒಳ್ಳೆ ಕೂದಲು' ಅನ್ನುತ್ತದೆ. ನನ್ನದು ಕೆಟ್ಟದ್ದು. ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಹಂಚುವಾಗ ದೇವರು ಯಾವ ಕಡೆ ನೋಡುತ್ತಿದ್ದನೋ.

ಹೊಟ್ಟೆ ಉರಿಯುತ್ತದೆ. ಇಲ್ಲಿ ಬರೆಯದೆ ಇನ್ನೆಲ್ಲಿ ಹೇಳಲಿ.

ಮೇ 6, ಸೋಮವಾರ

ಕ್ಲಿನಿಕ್ಕಿನ ಮುಂದಿನ ಕೌಂಟರ್ ಖಾಲಿಯಾಗುತ್ತಿದೆ. ರೊಸಾನಾ ಮದುವೆಯಾಗಿ ಹೊರಟಳು. ನಾನು ಹನ್ನೊಂದು ವರ್ಷದಿಂದ ಹಿಂದಿನ ಫೈಲುಕೋಣೆಯಲ್ಲಿದ್ದೇನೆ, ಕಿಟಕಿ ಕೂಡ ಇಲ್ಲ. ಡಾಕ್ಟರುಗಳಿಗೆಲ್ಲ ನನ್ನ ದನಿ ಗೊತ್ತು. ರೋಗಿಗಳಿಗೆ ನಾನೊಬ್ಬಳಿರುವುದೇ ಗೊತ್ತಿಲ್ಲ. ಈ ಸಲ ಬಿಡಬಾರದು ಅಂತ ಬಾಯಿಬಿಟ್ಟು ಕೇಳಿದೆ.

ದೊಡ್ಡ ಡಾಕ್ಟರ ಹೆಂಡತಿ ಇವೆಲೀಸ್ ಅಮ್ಮಾವ್ರು, ಎಲ್ಲರ ಬಾಯಲ್ಲೂ 'ಡೋನ್ಯಾ', ಎಲ್ಲ ಆಕೆಯ ಕೈಯಲ್ಲೇ. ನನ್ನ ಮಾತು ಕೇಳುತ್ತಾ ನನ್ನ ಹಣೆಯ ಅಂಚನ್ನೇ ನೋಡುತ್ತಿದ್ದರು. ಬೆವರಿಗೆ ಅಲ್ಲಿ ಸುರುಳಿ ಎದ್ದಿತ್ತು. "ಮುಂದೆ ಕೂರೋರು ನೋಡೋಕೆ ಲಕ್ಷಣವಾಗಿರ್ಬೇಕು ನೆರೇಯ್ದಾ," ಅಂದರು.

ಯುದೆಲ್ಕಾನೂ ಕೇಳಿದ್ದಾಳಂತೆ! ಕ್ಲಿನಿಕ್ಕಿನಲ್ಲಿ ಫೋನ್ ಎತ್ತಲು ಸೇರಿ ವರ್ಷವೂ ಆಗಿಲ್ಲ. ನನಗೆ ಒಂದು ಮಾತು ಹೇಳಿಲ್ಲ. ಶುಕ್ರವಾರ ಬೆಳಿಗ್ಗೆ ಇಬ್ಬರನ್ನೂ ಕೂರಿಸಿ ಮಾತಾಡಿ ತೀರ್ಮಾನ ಮಾಡುತ್ತಾರೆ.

ಮೇ 8, ಬುಧವಾರ

ಬ್ಯಾಂಕಿಗೆ ಚೆಕ್ಕು ಕೊಟ್ಟು ಬರುವಾಗ ನೋಡಿದೆ. ಬಾಡಿಗೆ ಮೋಟಾರುಬೈಕಿನವನ ಹಿಂದೆ ಕೂತಿದ್ದೆ. ಊರಿನ ಆ ತುದಿಯ ಬೀದಿ, ನಮ್ಮವರು ಯಾರೂ ಹೋಗುವುದಿಲ್ಲ ಅಲ್ಲಿಗೆ. ದಿನಸಿ ಅಂಗಡಿ ಮುಂದೆ ಯುದೆಲ್ಕಾ, ಬುಧವಾರ ಅವಳಿಗೆ ಅರ್ಧ ದಿನ ರಜೆ. ತಲೆತುಂಬ ರೋಲರ್, ಮೇಲೊಂದು ಬಲೆ. ಸೋಡಾ ಕುಡಿಯುತ್ತಿದ್ದಳು. ನನ್ನನ್ನು ನೋಡಲಿಲ್ಲ.

ವಾರದ ನಡುವೆ ರೋಲರ್ ಹಾಕಿಕೊಂಡು ಬೀದಿಗಿಳಿದವಳಿಗೆ ಸಂಜೆ ಎಲ್ಲೋ ದೊಡ್ಡ ಪಾರ್ಟಿಗೆ ಕರೆ ಇರುತ್ತದೆ. ನಮ್ಮ ಬನೀ ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ಇವಳಿಗಂತೂ ಅದರ ಅಗತ್ಯವೇ ಇಲ್ಲ. ಆದರೂ ಸುತ್ತಿಸಿಕೊಂಡಿದ್ದಾಳೆ ಅಂದರೆ ಕರೆ ಎಂಥದ್ದಿರಬೇಕು... ಡೋನ್ಯಾ ಮಗಳಿಗೆ ಈ ವಾರ ಹದಿನೈದು ತುಂಬುತ್ತದೆ, ನಮ್ಮಲ್ಲಿ ಹುಡುಗಿಯರಿಗೆ ಅದು ಮದುವೆಯಷ್ಟೇ ದೊಡ್ಡದು. ಇವತ್ತೇ ಮನೆಯಲ್ಲಿ ಪಾರ್ಟಿ ಇರಬೇಕು. ನನ್ನನ್ನು ಕರೆದಿಲ್ಲ, ಇವಳನ್ನು ಕರೆದಿದ್ದಾರೆ. ಶುಕ್ರವಾರದ ತೀರ್ಮಾನ ಇವತ್ತೇ ಆಗಿಹೋಯಿತು.

ಸಂಜೆ ಬಂದಳು. ಕೂದಲು ಕನ್ನಡಿಯ ಹಾಗೆ. ಎಲ್ಲಿಗೆ ಹೋಗಿದ್ದೆ ಅಂದರೆ ಎಂದಿನಂತೆ ಗೆಳತಿ ಮನೆಗೆ ಅಂತ. ಬಾಳೆಕಾಯಿ ಬೇಯಿಸಿ ಮಸೆದಿಟ್ಟಿದ್ದೆ, ಹಸಿವಿಲ್ಲ ಅಂದಳು. ಪಾರ್ಟಿಯಲ್ಲಿ ಉಂಡವಳಿಗೆ ನನ್ನ ಬಾಳೆಕಾಯಿ ಎಲ್ಲಿ ಹಿಡಿಸೀತು!

ಮೇ 9, ಗುರುವಾರ

ತಡೆಯಲಾಗಲಿಲ್ಲ. ಪಾರ್ಟಿ ಚೆನ್ನಾಗಿ ಆಯಿತೇ ಎಂದು ಡೋನ್ಯಾರನ್ನು ಕೇಳಿಯೇಬಿಟ್ಟೆ. ಆಕೆ ಪಿಳಿಪಿಳಿ ನೋಡಿದರು. ಪಾರ್ಟಿ ಶನಿವಾರವಂತೆ, ರಾಜಧಾನಿಯಲ್ಲಂತೆ, ಮನೆಯವರಷ್ಟೇ ಅಂತೆ.

ಹಾಗಾದರೆ ಆ ರೋಲರ್ ಯಾಕೆ?

ಮಧ್ಯಾಹ್ನ ಊಟ ಬಿಟ್ಟು ಆ ಬೀದಿಗೆ ಹೋದೆ. ಅಂಗಡಿಯ ಹಿಂದೆ ಪುಟ್ಟ ಸಲೂನು. ಯುದೆಲ್ಕಾಳ ಅಕ್ಕ ನಾನು ಅಂದೆ. ಆ ಹೆಂಗಸಿಗೆ ಮಾತಿಗೆ ಜನ ಬೇಕಿತ್ತು. "ನಿಮ್ ತಂಗೀನಾ? ಊರಿಗೆ ಬಂದಾಗಿಂದ ಒಂದ್ ಬುಧವಾರ ತಪ್ಪಿಸಿಲ್ಲ. ನಿಮ್ದಕ್ಕಿಂತ ಬಿಗಿ ಸುರುಳಿ ಕಣಮ್ಮ ಅವಳ್ದು. ಎಳೆದೂ ಎಳೆದೂ ನನ್ ಕೈಯೇ ಸೋತ್ಹೋಗಿದೆ."

ಬರುವಾಗ ದಾರಿಯುದ್ದಕ್ಕೂ ನಕ್ಕೆ. ಬೈಕಿನವನು ತಿರುಗಿ ತಿರುಗಿ ನೋಡಿದ. ಒಳ್ಳೆ ಕೂದಲಂತೆ! ಎರಡು ವರ್ಷ ಊರಿಗೆಲ್ಲ ಕಿವಿ ಮೇಲೆ ಹೂವಿಟ್ಟಿದ್ದಾಳೆ. ಇಷ್ಟು ಖುಷಿ ಯಾವಾಗ ಆಗಿತ್ತೋ ನೆನಪಿಲ್ಲ.

ಸಂಜೆ ಮೋಡ ಕಟ್ಟಿತು.

ಮೇ 10, ಶುಕ್ರವಾರ, ಬೆಳಿಗ್ಗೆ

ಮಳೆ. ಈ ಒಣ ಊರಿಗೆ, ಇವತ್ತೇ. ದೇವರು ಕೊನೆಗೂ ಈ ಕಡೆ ತಿರುಗಿದ.

ಯುದೆಲ್ಕಾ ಇನ್ನೂ ಲಂಗ ಇಸ್ತ್ರಿ ಮಾಡುತ್ತಿದ್ದಾಳೆ. ಮನೆಗೆ ಇರುವುದು ಒಂದೇ ಕೊಡೆ. ಅದು ನನ್ನ ಕೈಯಲ್ಲಿದೆ. ತಲೆಗೆ ಕಟ್ಟಿಕೊಳ್ಳಲೆಂದು ಅಡುಗೆಮನೆ ಬಾಗಿಲ ಹಿಂದೆ ಇಟ್ಟಿರುವ ಪ್ಲಾಸ್ಟಿಕ್ ಚೀಲಗಳು... ಅವೂ ನನ್ನ ಬ್ಯಾಗಿನೊಳಗೆ. ಒಂದನ್ನೂ ಬಿಟ್ಟಿಲ್ಲ. ಹೊರಟೆ.

ಅದೇ ದಿನ, ಸಂಜೆ

ತಡವಾಗಿ ಬಂದಳು, ತೊಪ್ಪೆಯಾಗಿ. ತಲೆ ಸುತ್ತ ಕೂದಲು ಎದ್ದು ನಿಂತಿತ್ತು. ನನ್ನದೇ ಕೂದಲು. ಥೇಟ್ ನನ್ನದೇ. ನಾನು ಕೌಂಟರಿನ ಪಕ್ಕ ನಿಂತು ಕಾದೆ.

ಡೋನ್ಯಾ ಎದ್ದರು. ಅವಳ ಸುತ್ತ ಒಂದು ಸುತ್ತು ಬಂದರು. "ಇಷ್ಟು ಚೆಂದದ ಕೂದ್ಲು ಬಚ್ಚಿಟ್ಕೊಂಡಿದ್ಯಲ್ಲೇ ಹುಡ್ಗಿ. ರಾಜಧಾನೀಲಿ ಈಗೆಲ್ಲಾ ಹೀಗೇ ಬಿಡೋದು." ಜೊತೆಗೆ ಬಂದಿದ್ದ ಮಗಳ ಮೊಬೈಲಿನಲ್ಲಿ ಫೋಟೋ ಬೇರೆ ತೆಗೆಸಿದರು. ಕೌಂಟರ್ ಅವಳಿಗೆ. ನನ್ನ ಕಡೆ ತಿರುಗಿ, ಕೊಡೆ ಹೊರಗಿಡು, ನೆಲವೆಲ್ಲ ನೀರಾಗುತ್ತಿದೆ ಅಂದರು.

ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಅಂತಾರೆ. ಸುಳ್ಳು. ಮುಖವಿದ್ದವಳು ಹೇಗೆ ಬಿಟ್ಟರೂ ಚೆಂದ. ಮೂವತ್ತು ವರ್ಷ ನಾನು ಕಿವಿ ಸುಟ್ಟುಕೊಂಡಿದ್ದು ಯಾತಕ್ಕೆ?

ಮೇ 11, ಶನಿವಾರ

ಸಲೂನಿಗೆ ಹೋಗಲಿಲ್ಲ. ಯುದೆಲ್ಕಾ ನನ್ನ ಬ್ಯಾಗಿನಿಂದ ಚೀಲಗಳನ್ನು ತೆಗೆದು, ಒಂದೊಂದೇ ಮಡಿಸಿ, ಬಾಗಿಲ ಹಿಂದೆ ಇಟ್ಟಳು. ಜಗಳವಾಡುತ್ತಾಳೆ ಅಂದುಕೊಂಡೆ. ಆಡಿದ್ದರೆ ಚೆನ್ನಾಗಿತ್ತು.

"ಡೋನ್ಯಾಗೆ ನಾನು ಯಾವತ್ತೂ ಹೆದ್ರಿಲ್ಲ ಅಕ್ಕಾ," ಅಂದಳು. "ನಿಂಗೆ ಹೆದ್ರಿದ್ದೆ. ಬಸ್ಸಿಳಿದ ದಿನ ನನ್ ಮುಖ ನೋಡೋಕ್ ಮುಂಚೆ ನೀನು ಕೂದ್ಲು ಮುಟ್ಟಿದ್ದೆ. 'ಸದ್ಯ, ನೀನಾದ್ರೂ ಬಚಾವಾದೆ' ಅಂದೆ. ಅವತ್ತು ಊರಿಗ್ ಹೋಗ್ತಾಳೆ ಅಂತ ಅಮ್ಮ ಎಳೆಸಿ ಕಳ್ಸಿದ್ಲು ಅಷ್ಟೆ. ಆಮೇಲೆ ಯಾವ್ ಬಾಯಲ್ಲಿ ಹೇಳ್ಲಿ?"

ಪಾಪ ಅನ್ನಿಸಿತು. ಅದರ ಬೆನ್ನಿಗೇ, ಅವಳ ಸುರುಳಿ ಎಷ್ಟು ಹೊಳೆಯುತ್ತಿದೆ ಅಂತಲೂ ಅನ್ನಿಸಿತು. ಥೂ ನನ್ನ ಬುದ್ಧಿ.

ನೀನೂ ಹೀಗೇ ಬಿಡು ಅಕ್ಕಾ ಅಂತ ಹಿತ್ತಲಿನಲ್ಲಿ ಕೂರಿಸಿ ತಲೆ ತೊಳೆದಳು. ಎಳೆಯಲಿಲ್ಲ. ನೋಯಲಿಲ್ಲ.

ಮೇ 13, ಸೋಮವಾರ

ಹಾಗೇ ಬಿಟ್ಟುಕೊಂಡು ಹೋದೆ. ದಾರಿಯಲ್ಲಿ ತಲೆ ಹಗುರ. ಕ್ಲಿನಿಕ್ಕಿನ ಬಾಗಿಲಲ್ಲಿ ಡೋನ್ಯಾ. ನನ್ನನ್ನು ನೋಡಿ ಗಾಬರಿಯಾದರು.

"ಮೈ ಹುಷಾರಿಲ್ವಾ ನೆರೇಯ್ದಾ? ಮನೆಗ್ ಹೋಗಿ ತಲೆ ಬಾಚ್ಕೊಂಡ್ ಬಾ. ಏನ್ ಅವಸರ ಇಲ್ಲ."

ಕುಹಕವಿರಲಿಲ್ಲ. ನಿಜವಾದ ಕಾಳಜಿಯಿಂದಲೇ ಅಂದರು, ಅದೇ ಉರಿಯುತ್ತಿರುವುದು. ಅದೇ ಹೊತ್ತಿಗೆ ಕೌಂಟರಿನಲ್ಲಿ ಒಬ್ಬಳು ರೋಗಿ ಯುದೆಲ್ಕಾಳ ಕೂದಲನ್ನು ಹೊಗಳುತ್ತಿದ್ದಳು. ಯುದೆಲ್ಕಾ ನನ್ನ ಕಡೆ ನೋಡಿದಳು. ನಾನು ಫೈಲುಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಂದೇ ನೀರು, ಒಂದೇ ಸೋಪು, ಒಂದೇ ಅಜ್ಜಿ.

ಮೇ 15, ಬುಧವಾರ

ಬುಧವಾರ. ಯುದೆಲ್ಕಾ ಆ ಬೀದಿಗೆ ಹೋಗಲಿಲ್ಲ. ಕೆಲಸ ಮುಗಿಸಿ ನೇರ ಮನೆಗೆ ಬಂದು, ನಾನು ಮಸೆದ ಬಾಳೆಕಾಯಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಕಿರ್ಸಿಸ್ ಫೋನ್ ಮಾಡಿದಳು. ಹೋದ ವಾರ ಬರಲಿಲ್ಲವಲ್ಲ, ಈ ಶನಿವಾರ ನಿನ್ನ ಕುರ್ಚಿ ಇಟ್ಟಿರಲೋ, ಬೇರೆಯವರಿಗೆ ಕೊಡಲೋ ಅಂತ. ಯುದೆಲ್ಕಾ ತಿನ್ನುವುದನ್ನು ನಿಲ್ಲಿಸಿದಳು. ನನ್ನ ತಲೆಯನ್ನು ನೋಡಲಿಲ್ಲ. ಮುಖ ನೋಡುತ್ತಾ ಕೂತಿದ್ದಳು.

ನಾನು ಕಿರ್ಸಿಸ್‌ಗೆ ಹೇಳಿದೆ, ಬೇರೆಯವರಿಗೇ ಕೊಡು ಅಂತ.